ನಮೂನೆಯಲ್ಲಿ ಇಲ್ಲದಿದ್ದ ಪ್ರಶ್ನೆ

ಬಸುರಿ ಹೆಂಗಸಿನ ತೋಳಿನಿಂದ ತೆಗೆದ ಎರಡು ಚಮಚೆ ರಕ್ತದಲ್ಲೇ ಹೊಟ್ಟೆಯೊಳಗಿನ ಮಗುವಿನ ವರ್ಣತಂತುಗಳ ಸುಳಿವು ಸಿಗಬಲ್ಲದೆಂಬ ವಿದ್ಯೆ ನಮ್ಮ ಆಸ್ಪತ್ರೆಗೆ ಬಂದಾಗ, ಅದನ್ನು ಯಂತ್ರಕ್ಕೆ ಕಲಿಸಬಲ್ಲವರು ನಮ್ಮಲ್ಲಿ ಐದಾರು ಮಂದಿ ಇದ್ದರು. ಮನೆಮಂದಿಗೆ ತಿಳಿಯುವಂತೆ ಹೇಳಬಲ್ಲವರು ಒಬ್ಬರೇ ಇದ್ದರು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಹಿರಿಯ ಆಪ್ತಸಮಾಲೋಚಕಿಯವರೇ ಆ ಒಬ್ಬರು. ಕ್ಷೇತ್ರದಲ್ಲಿ ಅವರ ಸ್ಥಾನ ಯಾವುದೆಂದು ಕೇಳುವವರಿಗೆ ಎರಡನೆಯ ಮಹಡಿಯ ಕೊನೆಯ ಕೋಣೆ, ಶೌಚಾಲಯದ ಪಕ್ಕ ಎಂದೇ ಹೇಳಬೇಕು. ಬೇರೆ ಕೋಣೆ ಕೊಡುತ್ತೇವೆಂದು ಆಡಳಿತದವರು ಮೂರು ಸಲ ಮುಂದೆ ಬಂದರೂ, "ಅಳೋರಿಗೆ ನಲ್ಲಿ ಹತ್ತಿರ ಇದ್ರೆ ಒಳ್ಳೇದು" ಎಂದು ಅವರು ಅಲ್ಲೇ ಉಳಿದರು.

ಅವರು ಸೇರಿದ್ದು ಹೆರಿಗೆ ವಾರ್ಡಿನ ದಾದಿಯಾಗಿ. ಒಂಬತ್ತು ವರ್ಷ ಅಲ್ಲಿ ದುಡಿದು, ತರಬೇತಿ ಪಡೆದು ನಮ್ಮ ವಿಭಾಗಕ್ಕೆ ಬಂದರು. ಅವರ ಮುಂದೆ ಕೂರುತ್ತಿದ್ದವರಲ್ಲಿ ಬಹುಪಾಲು ಜನ ಒಂದು ಮಗುವನ್ನು ಕಳೆದುಕೊಂಡು ಮತ್ತೆ ಬಸಿರಾದವರು. ಅಂಥವರಿಗೆ ಅವರು ಒಮ್ಮೆಯೂ ಅಭಿನಂದನೆ ಹೇಳಿದವರಲ್ಲ. ಹಾಗಿದ್ದವರಿಗೆ ನಾವು ಮುನ್ನೂರು ಪುಟಗಳ ಅಭಿನಂದನ ಗ್ರಂಥವನ್ನು ಹೊರಿಸುತ್ತಿರುವುದನ್ನು ಅವರು ಯಾವ ಮುಖಭಾವದಿಂದ ಸ್ವೀಕರಿಸುತ್ತಾರೆಂದು ನಾನು ಊಹಿಸಬಲ್ಲೆ.

ಹಸಿದವರಿಗೆ ಫಲಿತಾಂಶ ಹೇಳಬಾರದೆಂಬುದು ಅವರ ಮೊದಲ ನಿಯಮ. ವರದಿ ಕೆಟ್ಟದಾಗಿದ್ದರೆ ಗಂಡ ಹೆಂಡಿರನ್ನು ಮೊದಲು ಕ್ಯಾಂಟೀನಿಗೆ ಕಳಿಸುತ್ತಿದ್ದರು. ಆರು ತಿಂಗಳಲ್ಲಿ ಕ್ಯಾಂಟೀನಿಗೆ ಹೋಗಿ ಎಂದರೆ ಏನರ್ಥವೆಂದು ಸಾಲಿನಲ್ಲಿ ಕೂತವರಿಗೆಲ್ಲ ತಿಳಿದುಹೋಯಿತು. ಅಂದಿನಿಂದ ಅವರು ಎಲ್ಲರನ್ನೂ ಕಳಿಸತೊಡಗಿದರು. ಕ್ಯಾಂಟೀನಿನವನು ಬಲು ಸಂತೋಷಪಟ್ಟ. ಎರಡನೆಯ ನಿಯಮ, ಒಂದು ಕಥೆಯನ್ನು ಒಂದೇ ಸಲ ಕೇಳಿ ನಂಬಬಾರದೆಂಬುದು. ಪ್ರಯೋಗಾಲಯದಲ್ಲಿ ನಾವು ಅವರಿಗೆ 'ಇನ್ನೊಂದ್ಸಲ ಮೇಡಂ' ಎಂದು ಹೆಸರಿಟ್ಟಿದ್ದೆವು. ಒಂದೊಂದು ಜೋಡಿಗೆ ಒಂದೊಂದು ಗಂಟೆ ಹಿಡಿಯುತ್ತಾರೆಂದು ಅವರ ಮೇಲೆ ಬರವಣಿಗೆಯಲ್ಲಿ ದೂರು ಕೊಟ್ಟವರೂ ಇದ್ದರು. ಆ ದೂರಿನ ಕೆಳಗೆ ನನ್ನದೂ ಒಂದು ಸಹಿ ಇತ್ತು.

ಎಂಟು ವರ್ಷಗಳ ಹಿಂದಿನ ಮಾತು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ಬಸ್ಸು ಓಡಿಸುವ ಆಕೆಯ ಗಂಡ, ಜೊತೆಗೆ ಅತ್ತೆ. ಹಿಂದಿನ ವರ್ಷ ಆಕೆಯ ಮಗು ಹೊಟ್ಟೆಯಲ್ಲೇ, ಐದು ತಿಂಗಳಿಗೆ, ತೀರಿಕೊಂಡಿತ್ತು. ಹದಿನೆಂಟನೆಯ ವರ್ಣತಂತು ಎರಡರ ಬದಲು ಮೂರು ಇದ್ದುದು ಕಾರಣ. ಈ ಸಲ ಹತ್ತು ವಾರಕ್ಕೆ ರಕ್ತ ತೆಗೆದೆವು. ಎರಡು ವಾರದ ಮೇಲೆ ವರದಿ ಬಂತು: ಮತ್ತೆ ಅದೇ ಹದಿನೆಂಟು, ಅಪಾಯ ಹೆಚ್ಚು. ನನ್ನನ್ನೂ ಕೋಣೆಗೆ ಕರೆದಿದ್ದರು. ಇದು ಸಂಶಯವನ್ನಷ್ಟೇ ತೋರಿಸುವ ಪರೀಕ್ಷೆ, ಖಚಿತವಾಗಿ ಹೇಳುವಂಥದ್ದಲ್ಲ ಎಂಬ ಬಾಯಿಪಾಠವನ್ನು ನಾನು ಒಪ್ಪಿಸಿದೆ.

"ಹೋದ ಸಲಾನೂ ಹೀಗೇ ಅಂದ್ರಿ ಡಾಕ್ಟ್ರೇ" ಎಂದಳು ಆಕೆ. ಅಂದಿದ್ದೆ. ಆಮೇಲೆ ಆಕೆ ನಮ್ಮ ಸಮಾಲೋಚಕಿಯವರ ಕಡೆ ತಿರುಗಿದಳು. "ಮೇಡಂ, ಇನ್ನೊಂದು ಐದು ತಿಂಗಳು ಹೊತ್ತು ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ. ತೆಗೆಸೋಕೆ ಯಾವತ್ತು ಬರ್ಲಿ, ಅದನ್ನ ಹೇಳಿ."

ಇವರು ಬೇಡವೆನ್ನಲಿಲ್ಲ. "ಆಯ್ತಮ್ಮ, ನಿಮ್ಮ ಮಾತೇ ಕೊನೇದು. ಅದಕ್ಕೆ ಮುಂಚೆ ಇನ್ನೊಂದ್ಸಲ ಹೇಳಿ, ಈ ಬಸಿರು ಗೊತ್ತಾದ ದಿನದಿಂದ."

"ಎಷ್ಟು ಸಲ ಹೇಳಿಸ್ತೀರಿ?"

"ನನಗೆ ತಲೆ ಸ್ವಲ್ಪ ಮಂದ."

"ಮಂದ ಇರೋರನ್ನೇ ಹುಡುಕಿ ಇಲ್ಲಿ ಕೂರಿಸಿದ್ದಾರಾ?" ಎಂದರು ಬಾಗಿಲ ಬಳಿ ನಿಂತಿದ್ದ ಅತ್ತೆ.

ಆಕೆ ಹೇಳತೊಡಗಿದಳು. ಏಳನೆಯ ವಾರ, ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಸ್ಕ್ಯಾನು ಎನ್ನುವಷ್ಟರಲ್ಲಿ ಅತ್ತೆ ಬಾಯಿಹಾಕಿದರು. "ಎರಡು ಚೀಲ ಕಂಡಿದ್ದು ಹೇಳೇ."

"ಅದನ್ನ ಲೆಕ್ಕಕ್ಕೆ ಹಿಡೀಬೇಡಿ ಅಂದ್ರಲ್ಲ ಅತ್ತೆ ಆ ಡಾಕ್ಟ್ರು. ಒಂದರಲ್ಲಿ ಎದೆಬಡಿತಾನೇ ಇರಲಿಲ್ಲ. ಆಮೇಲೆ ಕರಗಿಹೋಯ್ತು."

ಇವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅವಳಿಗಳಲ್ಲಿ ಒಂದು ಮೊದಲೇ ನಿಂತುಹೋದರೂ ಅದರ ಚೂರುಪಾರು ತಾಯಿಯ ರಕ್ತದಲ್ಲಿ ವಾರಗಟ್ಟಲೆ ಉಳಿದಿರುತ್ತದೆ. ಯಾವುದು ಯಾರದೆಂದು ನಮ್ಮ ಯಂತ್ರಕ್ಕೆ ತಿಳಿಯುವುದಿಲ್ಲ. ನಾವು ಕೊಟ್ಟ ವರದಿ ಹೋದ ಮಗುವಿನದಾಗಿರಬಹುದಿತ್ತು. ಪರೀಕ್ಷೆಗೆ ಮುಂಚೆ ತುಂಬುವ ನಮೂನೆಯನ್ನು ರಚಿಸಿದವನು ನಾನು. ಭ್ರೂಣಗಳು ಎಷ್ಟಿವೆ ಎಂದು ಅದರಲ್ಲಿ ಕೇಳಿದ್ದೆ. ಎಷ್ಟಿದ್ದವು ಎಂದು ಕೇಳಿರಲಿಲ್ಲ. ಆಕೆ ಪ್ರಾಮಾಣಿಕವಾಗಿ ಒಂದು ಎಂದು ಬರೆದಿದ್ದಳು.

"ಹಾಗಾದ್ರೆ ಈ ಮಗು ಚೆನ್ನಾಗಿದೆಯಾ?" ಎಂದಳು ಆಕೆ, ನಾನು ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ.

"ಗೊತ್ತಿಲ್ಲಮ್ಮ."

ಆ ಉತ್ತರಕ್ಕೆ ಅವರು ಸಕ್ಕರೆ ಬೆರೆಸಲಿಲ್ಲ. ಗೊತ್ತಾಗಬೇಕಾದರೆ ಹದಿನಾರು ವಾರ ತುಂಬುವವರೆಗೆ ಕಾಯಬೇಕು, ಸೂಜಿ ಹಾಕಿ ಗರ್ಭದ ನೀರು ತೆಗೆಯಬೇಕು, ಅದರಲ್ಲೂ ಚೂರು ಅಪಾಯವುಂಟು, ಅಲ್ಲಿಂದ ಮುಂದೆ ವರದಿಗೆ ಮತ್ತೆ ಮೂರು ವಾರ ಎಂದು ಒಂದೊಂದಾಗಿ ಹೇಳಿದರು. "ಕಾಯೋಕಾಗಲ್ಲ ಅಂದ್ರೂ ಅದು ತಪ್ಪು ಅಂತ ನಾನನ್ನಲ್ಲ."

"ಕಾಯೋಣ" ಎಂದ ಗಂಡ.

"ನೀವು ಹೊರ್ತೀರಾ?" ಎಂದಳು ಆಕೆ. ಅವನು ತಲೆ ತಗ್ಗಿಸಿದ. ಕೊನೆಗೆ ಆಕೆಯೇ, ಯಾರ ಮೇಲೋ ರೇಗಿದವಳಂತೆ, "ಸರಿ, ಕಾಯ್ತೀನಿ" ಎಂದು ಚೀಲ ಎತ್ತಿಕೊಂಡಳು.

ಆ ಏಳು ವಾರವೂ ಇವರು ಪ್ರತಿ ಸೋಮವಾರ ಆಕೆಗೆ ಫೋನು ಮಾಡಿದರು. ಹೇಳಲು ಏನೂ ಇರುತ್ತಿರಲಿಲ್ಲ. ಏನೂ ಇಲ್ಲವೆಂದೇ ಹೇಳುತ್ತಿದ್ದರು. "ನಿದ್ದೆ ಬಂತಾ?" "ಇಲ್ಲ ಮೇಡಂ." "ಸರಿ, ಮುಂದಿನ ಸೋಮವಾರ ಮಾಡ್ತೀನಿ." ಇದಿಷ್ಟೇ ಸಂಭಾಷಣೆ. ನಮೂನೆ ತಿದ್ದಲು ಸಮಿತಿಗೆ ಹನ್ನೊಂದು ತಿಂಗಳು ಬೇಕಾಯಿತು. ಅದುವರೆಗೆ ಬಂದ ಒಂದೊಂದು ನಮೂನೆಯ ಅಂಚಿನಲ್ಲೂ 'ಮೊದಲು ಎರಡಿದ್ದವೇ?' ಎಂದು ಅವರೇ ಕೈಯಿಂದ ಬರೆದರು. ಸಮಿತಿಯ ಮುಂದೆ ಅದನ್ನು ನಮೂನೆಯ ತಪ್ಪೆಂದರೇ ಹೊರತು ನನ್ನ ಹೆಸರೆತ್ತಲಿಲ್ಲ. ನಮೂನೆಗಳು ತಾವಾಗಿ ಹುಟ್ಟುತ್ತವೆಯೋ ಎಂಬಂತೆ. ಇಂದು ಈ ಗ್ರಂಥದಲ್ಲಿ ನಾನೇ ಹೇಳುತ್ತಿದ್ದೇನೆ.

ನೀರಿನ ವರದಿಯನ್ನು ನಾನೇ ಕೈಯಲ್ಲಿ ಹಿಡಿದು ಹೋದೆ. ವರ್ಣತಂತುಗಳೆಲ್ಲ ಸರಿಯಾಗಿದ್ದವು. ಇವರು ಅದನ್ನು ಎರಡು ಸಲ ಓದಿ, "ಸರಿಯಾಗಿದೆಯಮ್ಮ" ಎಂದರು. ಆಕೆ ಅಳಲಿಲ್ಲ, ನಗಲಿಲ್ಲ. ತಲೆಯನ್ನು ಗೋಡೆಗೆ ಆನಿಸಿದಳು. ಕೂತ ಕುರ್ಚಿಯಲ್ಲೇ ನಿದ್ದೆಹೋದಳು. "ಏಳೇ, ಮೇಡಂಗೆ ಒಂದು ಮಾತಾದ್ರೂ ಹೇಳು" ಎಂದು ಭುಜ ಅಲುಗಿಸಹೋದ ಅತ್ತೆಯ ಕೈಯನ್ನು ಇವರು ಹಿಡಿದುಕೊಂಡರು. ಮುಂದಿನ ಜೋಡಿಯನ್ನು ನನ್ನ ಪ್ರಯೋಗಾಲಯದ ಫ್ರಿಜ್ಜಿನ ಪಕ್ಕ ನಿಲ್ಲಿಸಿಕೊಂಡು ಮಾತಾಡಿಸಿದರು, ಅದರ ಮುಂದಿನವರನ್ನೂ. ನಾನು ಮೊಗಸಾಲೆಯಲ್ಲಿ ನಿಂತು ಸದ್ದು ಮಾಡುವವರನ್ನು ಗದರಿದೆ. ಎರಡೂವರೆ ಗಂಟೆಯ ನಂತರ ಎಚ್ಚರವಾದ ಆಕೆ ಗಾಬರಿಯಿಂದ, "ತುಂಬಾ ಹೊತ್ತಾಯ್ತಾ?" ಎಂದು ಕೇಳಿದಾಗ, "ಇಲ್ಲಮ್ಮ, ಈಗಷ್ಟೇ" ಎಂದರು. ಆ ಕೋಣೆಯಲ್ಲಿ ಅವರು ಹೇಳಿದ ಸುಳ್ಳು, ನಾನು ಬಲ್ಲಂತೆ, ಅದೊಂದೇ.

ಎಲ್ಲರದೂ ಹೀಗೆ ಮುಗಿಯಲಿಲ್ಲವೆಂಬುದನ್ನು ಇಂಥ ಗ್ರಂಥದಲ್ಲೂ ಹೇಳಬೇಕು. ಎಷ್ಟೋ ಸಲ ನಮ್ಮ ಯಂತ್ರ ಹೇಳಿದ್ದೇ ನಿಜವಾಗುತ್ತಿತ್ತು. ಆ ದಿನಗಳಲ್ಲಿ ನಾವು ಬೇಗ ಮನೆಗೆ ಹೋಗುತ್ತಿದ್ದೆವು. ಅವರು ಬಾಗಿಲು ಮುಚ್ಚಿಕೊಂಡು ಆ ತಾಯಂದಿರೊಡನೆ ಕೂತಿರುತ್ತಿದ್ದರು. ಅವರ ಕಣ್ಣಿನ ಕೆಳಗಿನ ಕಪ್ಪು ವಯಸ್ಸಿನಿಂದ ಬಂದದ್ದಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಕೇಳುವ ವಿದ್ಯೆ ಕಲಿಸಲು ಒಪ್ಪಿದ್ದಾರೆ; ಆ ಕೆಲಸ ಬಹುಕಾಲ ನಡೆಯಲಿ, ಅದಕ್ಕೆ ಬೇಕಾದ ಆಯಸ್ಸೂ ಆರೋಗ್ಯವೂ ಅವರಿಗಿರಲಿ. ಉಳಿದ ಐದು ದಿನ ಅವರನ್ನು ಯಾರೂ ಎಬ್ಬಿಸದಿರಲಿ.