ಮುದ್ದೆಮಾಲಾದ ಟೈಪ್‌ರೈಟರ್

ಪುಣೆಯ ಶಿವಾಜಿನಗರದ ಕೋರ್ಟಿನೆದುರು ಮರಾಠಿ ಟೈಪಿಂಗ್ ಮಾಡಿ ನಾನು ಸಂಸಾರ ನಡೆಸುತ್ತಿದ್ದೆ. ಗಿರಾಕಿಯೊಬ್ಬ ನನ್ನಿಂದ ಹೊಡೆಸಿದ ಬಾಡಿಗೆ ಕರಾರಿಗೆ ಖೊಟ್ಟಿ ಸಹಿ ಹಾಕಿ ಸಿಕ್ಕಿಬಿದ್ದ. ಪೊಲೀಸರು ನನ್ನನ್ನು ಬಿಟ್ಟು ಟೈಪ್‌ರೈಟರನ್ನು ಜಪ್ತಿ ಮಾಡಿದರು.

ವಾರದ ಮೇಲೆ ಠಾಣೆಗೆ ಹೋದರೆ, ಬೆಳಗಾವಿ ಕಡೆಯ ಹವಾಲ್ದಾರರೊಬ್ಬರು ಅದರ ಮೇಲೇ ವರದಿ ಕುಟ್ಟುತ್ತಿದ್ದರು.

“ಸಾಹೇಬ್ರ, ನಂದೇನೂ ತಪ್ಪಿಲ್ರಿ,” ಎಂದೆ.

“ನಿಮ್ಮ ಮ್ಯಾಲೆ ಕೇಸೇ ಇಲ್ರಿ. ಆದ್ರ ಇದು ಮುದ್ದೆಮಾಲು, ಪುರಾವೆ ಅದ. ಮುಟ್ಟಬ್ಯಾಡ್ರಿ,” ಎಂದರು ಕುಟ್ಟುತ್ತಲೇ. “ಕೋರ್ಟಿಗೆ ಅರ್ಜಿ ಹಾಕ್ರಿ. ಅದು ಟೈಪ್ ಮಾಡಿಸಿದ್ದ ಇರಬೇಕು ನೋಡ್ರಿ.”

ಪಕ್ಕದ ಟೈಪಿಸ್ಟನ ಹತ್ತಿರ ಅರ್ಜಿ ಹೊಡೆಸಿದೆ. ಆದೇಶ ಬರಲು ಎರಡು ವರ್ಷವಾಯಿತು. ಅಷ್ಟರಲ್ಲಿ ನನ್ನ ಜಾಗಕ್ಕೆ ಕಂಪ್ಯೂಟರಿನವನು ಬಂದಿದ್ದ.

ಯಂತ್ರ ಒಪ್ಪಿಸುವಾಗ ಹವಾಲ್ದಾರರ ಮುಖ ಸಣ್ಣದಾಯಿತು. “ಭಾಳ ಛಲೋ ಇತ್ರಿ. ಇನ್ನ ನಮ್ಮ ಗತಿ ಏನ್ರಿ?”

ಅವರಿಗೆ ನಾನೇ ಸಮಾಧಾನ ಹೇಳಿ ಬಂದೆ.