ತಕ್ಕಡಿ ಭಾವನ ಹತ್ತು ಗುಂಡು

ನನ್ನ ಹೆಂಡತಿಯ ಅಣ್ಣನನ್ನು ಎಲ್ಲರೂ ತಕ್ಕಡಿ ಭಾವ ಎಂದೇ ಕರೆಯುತ್ತಾರೆ. ಅವರು ಭಾವನಾಗಿರುವುದು ನನಗೊಬ್ಬನಿಗೇ. ಆದರೆ ನಾನು ಕರೆಯುವುದನ್ನು ಕೇಳಿ ಕೇಳಿ ದಿನಸಿ ಅಂಗಡಿಯವರೂ ಅದನ್ನೇ ಹಿಡಿದುಕೊಂಡರು. ಆ ವಿಷಯಕ್ಕೂ ಅವರಿಗೆ ನನ್ನ ಮೇಲೆ ಸಿಟ್ಟಿದೆ.

ಅವರ ಕೆಲಸ ತಕ್ಕಡಿ ರಿಪೇರಿ. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದಂಥ ಅಂಗಡಿ. ಗೋಡೆಯ ಕೊಕ್ಕೆಗಳಿಗೆ ಸ್ಪ್ರಿಂಗುಗಳು, ಮೇಜಿನ ಮೇಲೆ ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು. ಐದು ಗ್ರಾಂ ತಪ್ಪು ತೋರಿಸುವ ತಕ್ಕಡಿ ಕಂಡರೆ ಕೆಂಡವಾಗುತ್ತಾರೆ. "ಹೆಚ್ಚುಕಡಿಮೆ ಸರಿಯಾಗಿದೆ ಬಿಡಿ" ಎಂದ ಗಿರಾಕಿಯನ್ನು ಮತ್ತೆ ಮೆಟ್ಟಿಲು ಹತ್ತಿಸುವುದಿಲ್ಲ. ನಾನು ಡ್ರಾಯಿಂಗ್ ಮೇಷ್ಟ್ರು. ಹೆಚ್ಚುಕಡಿಮೆಯಲ್ಲೇ ನೌಕರಿಯನ್ನೂ ಸಂಸಾರವನ್ನೂ ಸಾಗಿಸಿದವನು. ನಮ್ಮಿಬ್ಬರಿಗೆ ಹೇಗೆ ಹೊಂದೀತು?

ಆ ಮುಖದಲ್ಲಿ ನಗು ನೋಡಬೇಕೆಂದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಹಳೇ ಗೋದಾಮಿಗೆ ಹೋಗಬೇಕಿತ್ತು. ಬಂದೂಕು ಗುರಿಕಾರರ ಸಂಘದವರು ಅಲ್ಲಿ ನಿಂತು ಹೊಡೆಯಲು ಆರು ಸಾಲು ಮಾಡಿ, ಹತ್ತು ಮೀಟರ್ ದೂರಕ್ಕೆ ಕಾಗದದ ಗುರಿ ಅಂಟಿಸಿದ್ದಾರೆ. ಭಾವನದು ಹಳೆಯ ಸ್ಪ್ರಿಂಗ್ ಏರ್ ರೈಫಲ್. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಒಳಗಿನ ದಪ್ಪ ಸ್ಪ್ರಿಂಗ್ ಕುಗ್ಗಿ ಕೂರುತ್ತದೆ. ಬೆರಳಡಿಯ ಕುದುರೆ ಎಳೆದರೆ ಅದು ಚಿಮ್ಮಿ ಗಾಳಿಯನ್ನು ನೂಕುತ್ತದೆ, ಗಾಳಿ ಸೀಸದ ಗುಂಡನ್ನು ನೂಕುತ್ತದೆ. ಹೀಗೆ ಚಿಮ್ಮುವಾಗ ಬಂದೂಕು ಕೈಯಲ್ಲೇ ಕುಪ್ಪಳಿಸುವುದರಿಂದ ಬಿಗಿಯಾಗಿ ಹಿಡಿದವನ ಗುರಿ ಕೆಟ್ಟಿತೆಂದೇ ಲೆಕ್ಕ. ಎಳೆಗೂಸನ್ನು ಎತ್ತಿಕೊಂಡ ಹಾಗೆ ಅಂಗೈ ಮೇಲೆ ಸುಮ್ಮನೆ ಮಲಗಿಸಬೇಕು. ಲೋಕದ ಮೇಲೆಲ್ಲ ಹಲ್ಲು ಕಡಿಯುವ ಮನುಷ್ಯ ಅದೊಂದನ್ನು ಮಾತ್ರ ಹಗುರವಾಗಿ ಹಿಡಿಯುತ್ತಿದ್ದರು. ನಾನು ಒಮ್ಮೆ ಹಿಡಿದಾಗ ಗುಂಡು ಗುರಿಯನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ತಾಗಿತ್ತು.

ಈ ವರ್ಷ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ಅವರ ಬಂದೂಕಿಗೆ ಗಾಳಿ ತುಂಬಿದ ಸಿಲಿಂಡರು. ಕುಪ್ಪಳಿಸುವುದೂ ಇಲ್ಲ, ಕೆಮ್ಮುವುದೂ ಇಲ್ಲ.

"ಸ್ಪ್ರಿಂಗ್ ಬಂದೂಕು ತರೋರು ನೀವೊಬ್ರೇ ಉಳಿದಿರೋದು," ಎಂದರು ಭಾವನಿಗೆ. "ನಿಮ್ಮ ಸಾಲನ್ನ ಹೊಸ ಸದಸ್ಯರಿಗೆ ಕೊಡೋಣ ಅಂತಿದೀವಿ. ಅದೇನಿದ್ರೂ ಆಟದ ಸಾಮಾನು."

ಭಾವನ ಕಿವಿ ಕೆಂಪಾಯಿತು. "ಆಟದ ಸಾಮಾನಾ? ಬರೋ ಭಾನುವಾರ ಹತ್ತು ಗುಂಡು ಹೊಡೀತೀನಿ. ನೂರಕ್ಕೆ ತೊಂಬತ್ತು ಬಂದ್ರೆ ಸಾಲು ನಂದು. ಬರದಿದ್ರೆ ನಾನು ಈ ಕಡೆ ತಲೆ ಹಾಕೋದಿಲ್ಲ."

ಕಾರ್ಯದರ್ಶಿ ಒಪ್ಪಿ ಬೋರ್ಡಿನ ಮೇಲೆ ಬರೆದೂ ಬಿಟ್ಟರು.

ಶನಿವಾರ ಸಂಜೆ ಭಾವ ಬಂದೂಕನ್ನು ನಮ್ಮ ಮನೆಯಲ್ಲಿಟ್ಟು ಹೋದರು. ಇಲ್ಲಿಂದ ನನ್ನ ಬುದ್ಧಿಯ ಕಥೆ. ಸಹಾಯ ಮಾಡುವ ಚಪಲ ಹುಟ್ಟಿ ನಳಿಗೆ ಬಗ್ಗಿಸಿ ನೋಡಿದೆ. ಸಂದು ಕಿರ್ ಎಂದಿತು. ಹೆಂಡತಿಯ ಹೊಲಿಗೆ ಮಿಷನ್ನಿನ ಎಣ್ಣೆ ತಂದು ಅಲ್ಲಿಗೆರಡು ತೊಟ್ಟು ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ನಳಿಗೆಯ ಬುಡದ ಹಿಂದೆ ಗಾಳಿ ಬರುವ ಪುಟ್ಟ ತೂತು ಕಂಡಿತು. ಪಾಪ, ಒಣಗಿದೆ ಅನ್ನಿಸಿತು. ಅದಕ್ಕೂ ಧಾರಾಳವಾಗಿ ಎರೆದೆ.

ಭಾನುವಾರ ಗೋದಾಮು ತುಂಬಿತ್ತು. "ಒಂದೆರಡು ಅಭ್ಯಾಸಕ್ಕೆ ಹೊಡ್ಕೊಳ್ಳಿ," ಎಂದರು ಕಾರ್ಯದರ್ಶಿ. "ಬೇಡ. ಆಮೇಲೆ ನೀವು ಅದನ್ನೇ ಹಾಡ್ತೀರಿ," ಎಂದರು ಭಾವ.

ಮೊದಲ ಗುಂಡಿಗೆ ಪಟಾಕಿಯ ಸದ್ದಾಯಿತು, ನಳಿಗೆಯ ತುದಿಯಿಂದ ನೀಲಿ ಹೊಗೆ ಬಂತು. ಒತ್ತಿದ ಗಾಳಿಯ ಕಾವಿಗೆ ಒಳಗಿನ ಎಣ್ಣೆ ಹೊತ್ತಿಕೊಂಡು ಗುಂಡನ್ನು ಎತ್ತರಕ್ಕೆ ಎಸೆದಿತ್ತು. ನಾಲ್ಕು ಅಂಕ. ಎರಡನೆಯದಕ್ಕೂ ಹೊಗೆ, ಆರು. ಮೂರನೆಯದಕ್ಕೆ ಏಳು.

ಭಾವ ನಳಿಗೆ ಬಗ್ಗಿಸಿ ಮೂಸಿದರು. ತಿರುಗಿ ನನ್ನನ್ನು ನೋಡಿದರು.

"ಹೊಲಿಗೆ ಮಿಷನ್ ಎಣ್ಣೆ."

"ಕಿರ್ ಅಂತಿತ್ತು ಭಾವ..."

"ಕಿರ್ ಅಂದಿದ್ದು ಸಂದಿನಲ್ಲಿ. ಹೊಟ್ಟೆಗ್ಯಾಕೋ ಹಾಕ್ದೆ, ಕತ್ತೆ?"

ಮದುವೆಯಾಗಿ ಇಪ್ಪತ್ತೆರಡು ವರ್ಷ ನನ್ನನ್ನು ಬಹುವಚನದಲ್ಲಿ ಬೈಯುತ್ತಿದ್ದವರು ಅಂದು ಏಕವಚನಕ್ಕಿಳಿದರು. ಮೂರಕ್ಕೆ ಹದಿನೇಳಾಗಿತ್ತು. ಉಳಿದ ಏಳೂ ನಟ್ಟನಡುವೆ ಬಿದ್ದರೂ ಎಂಬತ್ತೇಳು ದಾಟುವಂತಿರಲಿಲ್ಲ. ಅದು ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಆದರೂ ನಿಂತರು. ದವಡೆ ಕಲ್ಲಾಗಿತ್ತು, ಅಂಗೈ ಮಾತ್ರ ಸಡಿಲವಾಗಿಯೇ ಇತ್ತು. ಎಣ್ಣೆ ಉರಿದು ಮುಗಿದಿತ್ತು. ಹತ್ತು, ಹತ್ತು, ಒಂಬತ್ತು, ಹತ್ತು, ಹತ್ತು, ಒಂಬತ್ತು, ಹತ್ತು.

"ಎಂಬತ್ತೈದು," ಎಂದರು ಕಾರ್ಯದರ್ಶಿ. ಅವರ ದನಿ ಮೆತ್ತಗಾಗಿತ್ತು. "ಎಣ್ಣೆಯಿಂದ ಆಗಿದ್ದು ಅಂತ ಎಲ್ಲರೂ ನೋಡಿದ್ವಿ. ಮುಂದಿನ ವಾರ ಇನ್ನೊಮ್ಮೆ ಹೊಡೀರಿ ಸಾರ್."

ನಾನು ಉಸಿರು ಬಿಟ್ಟೆ. ಬಿಟ್ಟಿದ್ದು ಬೇಗಾಯಿತು.

"ತೊಂಬತ್ತು ಅಂದಿದ್ದೆ. ಎಂಬತ್ತೈದು ಬಂತು," ಎಂದರು ಭಾವ, ಬಂದೂಕನ್ನು ಚೀಲಕ್ಕೆ ಹಾಕುತ್ತ. "ಐದು ಕಡಿಮೆ ಇದ್ರೂ ಪರವಾಗಿಲ್ಲ ಅಂತ ನನ್ನ ಅಂಗಡೀಲಿ ಒಬ್ಬರಿಗಾದ್ರೂ ಹೇಳಿದೀನಾ? ಸಾಲು ನೀವೇ ಇಟ್ಕೊಳ್ಳಿ."

ಬಾಗಿಲ ಬಳಿ ನಾನು ಚೀಲಕ್ಕೆ ಕೈಹಾಕಲು ಹೋದೆ. "ಮುಟ್ಟಬೇಡ," ಎಂದರು.

ಮೂರು ವಾರ ಮನೆಗೆ ಬರಲಿಲ್ಲ. "ಅಣ್ಣ ಊಟಕ್ಕೂ ಬರಲ್ಲ ಅಂದ," ಎಂದು ಹೆಂಡತಿ ನನ್ನ ತಟ್ಟೆಗೆ ಸೌಟು ಕುಕ್ಕಿದಳು. ನಾಲ್ಕನೇ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಭಾವ ನಿಂತಿದ್ದರು, ಬಗಲಲ್ಲಿ ಬಂದೂಕು, ಕೈಯಲ್ಲಿ ತಗಡಿನ ಪೆಟ್ಟಿಗೆ, ಅದರೊಳಗೆ ಗುಂಡು ತಡೆಯಲು ಒತ್ತೊತ್ತಾಗಿ ತುರುಕಿದ ಹಳೇ ಬಟ್ಟೆ. ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಹಿತ್ತಿಲ ಬಾಗಿಲಿಂದ ಬೀದಿ ಬಾಗಿಲ ಬಳಿಯ ಚಪ್ಪಲಿ ಕಪಾಟಿನವರೆಗೆ ಮನೆಯೊಳಗಿನ ಓಣಿಯುದ್ದಕ್ಕೂ ಟೇಪು ಹಿಡಿದರು.

"ಹತ್ತು ಮೀಟರಿಗೆ ಒಂದು ಗೇಣು ಕಡಿಮೆ ಇದೆ," ಎಂದರು ತಂಗಿಗೆ. "ನಿನ್ನ ಗಂಡನಿಗೆ ಹೇಳು, ಆ ಚಪ್ಪಲಿ ಕಪಾಟು ತೆಗೀಲಿ. ಇನ್ಮೇಲೆ ಭಾನುವಾರ ಒಂಬತ್ತರಿಂದ ಹತ್ತು ಈ ಓಣಿ ನಂದು. ಆ ಹೊತ್ತಲ್ಲಿ ಅವನು ಮನೇಲಿರಕೂಡದು."

ಹೆಂಡತಿ ಆಗಲೇ ಕಪಾಟಿನ ಒಂದು ತುದಿ ಹಿಡಿದಿದ್ದಳು. ನಾನು ಇನ್ನೊಂದು ತುದಿ ಹಿಡಿದೆ.