ಕಸ್ತೂರೆವ್ವನ ಕಾಲು

ಹುಟ್ಟುವಾಗ ಕಾಲು ಮುಂದಾಗಿ ಬಂದವರು ಬೆನ್ನಿಗೆ ಒದ್ದರೆ ಉಳುಕು ಬಿಡುತ್ತದೆಂದು ಲಚ್ಯಾಣದ ಮಂದಿ ನಂಬುತ್ತಾರೆ. ಕಸ್ತೂರೆವ್ವ ಹಾಗೆ ಹುಟ್ಟಿದವಳು. ಲಿಂಬೆ ತೋಟದ ಸಾವುಕಾರರೂ ಶಾಲೆಯ ಮಾಸ್ತರರೂ ಅವಳ ಕಟ್ಟೆಯ ಮೇಲೆ ಬೋರಲು ಬಿದ್ದು ಒದೆಸಿಕೊಂಡು ಹೋಗಿದ್ದಾರೆ. "ಊರಿಗೆಲ್ಲ ಒದೀತಿ, ನನ್ನೊಬ್ಬನ್ನ ಬಿಟ್ಟೀ ನೋಡು" ಎಂದು ಗಂಡ ಬದುಕಿದ್ದಾಗ ನಗುತ್ತಿದ್ದ. ಅವಳಿಗೂ ಆ ಕಾಲಿನ ಮೇಲೆ ಭಾರಿ ಅಭಿಮಾನ. ರವಿವಾರ ಅರಿಷಿಣ ಹಚ್ಚಿ ತೊಳೆದುಕೊಂಡೇ ಹೊರಗೆ ಬರುವಳು.

ಈ ರವಿವಾರ ಬಂದವನು ತಂಗಿಯ ಮಗ ಶ್ರೀಶೈಲ. ಇಂಡಿ ಪಟ್ಟಣದ ಜಿಮ್ಮಿನಲ್ಲಿ ಪವರ್‌ಲಿಫ್ಟಿಂಗ್ ಮಾಡುವವನು. ಮೊನ್ನೆ ಗೆಳೆಯರ ಚಪ್ಪಾಳೆಗೆ ಉಬ್ಬಿ, ಮೈ ಬೆಚ್ಚಗಾಗುವ ಮೊದಲೇ, ಬೆನ್ನು ಬಾಗಿಸಿ ಭಾರ ಎತ್ತಲು ಹೋಗಿದ್ದ. ಸೊಂಟ ಕಳಕ್ಕೆಂದಿತ್ತು.

"ದೊಡ್ಡವ್ವಾ, ಲಗೂನ ಒದಿ. ನಾಳೆ ಸಿಂದಗ್ಯಾಗ ಸ್ಪರ್ಧಾ ಐತಿ."

ಕಟ್ಟೆ ಹತ್ತುವಾಗ ಅವನ ಎಡಗಾಲಿನ ಚಪ್ಪಲಿ ಕಳಚಿ ಅಂಗಳದಲ್ಲೇ ಉಳಿಯಿತು. ಅವನಿಗದು ಗೊತ್ತೇ ಆಗಲಿಲ್ಲ. ಕಸ್ತೂರೆವ್ವ ಆ ಚಪ್ಪಲಿಯನ್ನೂ ಅವನ ಕಾಲನ್ನೂ ನೋಡಿದಳು.

ಅವನು ಬೋರಲು ಮಲಗಿದ. ಅವಳು ಕಾಲೆತ್ತಿದಳು, ಇಳಿಸಿದಳು. ಒಳಗೆ ಹೋಗಿ ನೀರು ಕುಡಿದು ಬಂದಳು. ಮತ್ತೆ ಎತ್ತಿದಳು, ಮನಸ್ಸು ಒಪ್ಪಲಿಲ್ಲ. ಬಗ್ಗಿ ಅವನ ಎಡಪಾದ ಚಿವುಟಿದಳು.

"ಚಿವುಟಿದ್ದು ಗೊತ್ತಾತೇನೋ?"

"ಯಾವಾಗ ಚಿವುಟಿದಿ?"

ತಮ್ಮ ಪಾಳಿಗೆ ಕಾದಿದ್ದ ಬಸಂತರಾಯ ಗೌಡರಿಗೆ ಅವಸರ. "ಒದೀರಿ ಕಸ್ತೂರೆವ್ವಾರ, ನಿಮ್ಮ ಕಾಲಿಗೆ ಬಗ್ಗದ ಬ್ಯಾನಿ ಯಾವದೈತ್ರಿ?"

"ನಾ ಒದಿಯಾಂಗಿಲ್ಲ. ದವಾಖಾನಿಗೆ ನಡಿ."

ಶ್ರೀಶೈಲ ಸಿಡಿದೆದ್ದ. "ನೀ ಒಲ್ಲಿ ಅಂದ್ರ ಇಂಡ್ಯಾಗ ಇನ್ನೊಬ್ಬಾಕಿ ಅದಾಳ. ಅಕಿ ಕಡೆ ಒದಿಸ್ಕೋತೇನಿ."

ಕಸ್ತೂರೆವ್ವ ಚಡಪಡಿಸಿದಳು. ಇವನು ಹೇಳಿದಂತೆ ಮಾಡುವ ಮೊಂಡ. ತಾನು ಒದೆಯದಿದ್ದರೆ ಸಾಲದು, ಯಾರೂ ಒದೆಯಬಾರದು. ಅಂಗಳದ ತುಂಬ ಮಂದಿ ಕೂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದಳು:

"ನನ್ನ ಕಾಲಾಗ ಏನೂ ಇಲ್ಲೋ, ಅಕಿ ಕಾಲಾಗೂ ಇಲ್ಲ. ಉಳುಕು ತಾನ ಬಿಡತಿತ್ತು, ಹೆಸರು ನನಗ ಬರತಿತ್ತು."

ಬಸಂತರಾಯ ಧೋತರ ಝಾಡಿಸಿಕೊಂಡು ಎದ್ದುಹೋದರು. ಹಿಂದೆಯೇ ಉಳಿದವರೂ ಎದ್ದರು. ಅವಳು ಚಪ್ಪಲಿ ತಂದು ಶ್ರೀಶೈಲನ ಕಾಲಿಗೆ ಸಿಕ್ಕಿಸಿ, ಟೆಂಪೋ ಹತ್ತಿಸಿದಳು.

ನರ ಒತ್ತಿಹೋಗಿದೆ, ಒದೆಸಿದ್ದರೆ ಕಾಲೇ ಹೋಗುತ್ತಿತ್ತು ಎಂದು ಬಿಜಾಪುರದ ಡಾಕ್ಟರು ಬೈದು, ಆಪರೇಷನ್ ಮಾಡಿದರು.

ಮುಂದಿನ ರವಿವಾರ ಕಸ್ತೂರೆವ್ವ ರೂಢಿಯಂತೆ ಅರಿಷಿಣ ಹಚ್ಚಿ ಕಾಲು ತೊಳೆದು ಹೊರಗೆ ಬಂದಳು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳಿಗೆ ಅಳು ಬಂತು. ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು.

"ದೊಡ್ಡವ್ವಾ," ಎಂದ ಶ್ರೀಶೈಲ, "ಅವ್ವ ಈಗ ಕಾಲು ಚಿವುಟಿದಳು. ಭಾಳ ನೋವಾತು."